ತುರ್ಸುನಾಯ್‌ಗೆ ಎರಡು ಗಂಟಲು

ಚೋಲೋಕ್-ತೋರ್ ಹಳ್ಳಿಯ ತಾಯಂದಿರಿಗೆ ಕನಿಶಾಯ್ ಮೇಲೆ ಇದ್ದದ್ದು ಒಂದೇ ದೂರು. ಈ ಹೊಸ ಡಾಕ್ಟರ್ ಸೂಜಿ ಹಾಕುವುದಿಲ್ಲ. ಹಾಗೆ ನೋಡಿದರೆ ಅವಳು ಡಾಕ್ಟರೂ ಅಲ್ಲ, ಡಾಕ್ಟರಿಲ್ಲದ ಕಡೆ ಮದ್ದು ಕೊಡಲು ಕಲಿತ ಫೆಲ್ಡ್‌ಶರ್. ನಿಜವಾದ ಡಾಕ್ಟರು ಬೇಕೆಂದರೆ ಕಣಿವೆ ಇಳಿದು ಪಟ್ಟಣಕ್ಕೆ ಹೋಗಬೇಕು, ಹಿಮ ಬಿದ್ದು ದಾರಿ ಮುಚ್ಚಿದರೆ ಅದೂ ಇಲ್ಲ. ಹಾಗಾಗಿ ಹೆರಿಗೆ, ಕುದುರೆ ಒದ್ದು ಮುರಿದ ಪಕ್ಕೆಲುಬು, ಕುಡಿದು ಹಿಮದಲ್ಲಿ ಮಲಗಿದವರ ಕಾಲ್ಬೆರಳು, ಎಲ್ಲವೂ ಅವಳ ತಲೆಗೇ. ಅದನ್ನೆಲ್ಲ ಬಾಯಿ ಮುಚ್ಚಿಕೊಂಡು ಮಾಡಿಸಿಕೊಳ್ಳುತ್ತಿದ್ದ ಜನ ಗಂಟಲುನೋವಿನ ವಿಷಯ ಬಂದರೆ ಮಾತ್ರ ಸೊಂಟಕ್ಕೆ ಕೈಕೊಟ್ಟು ಜಗಳಕ್ಕೆ ನಿಲ್ಲುತ್ತಿದ್ದರು.

"ಸೂಜಿ ಹಾಕು ಎಜೆ, ನಮ್ಮಕ್ಕನಲ್ವಾ. ಹಳೇ ಡಾಕ್ಟ್ರು ಕೇಳೋದ್ರೊಳಗೆ ಹಾಕ್ತಿದ್ರು."

"ಹಳೇ ಡಾಕ್ಟ್ರು ಕುರೀಗೂ ಹಾಕ್ತಿದ್ರು, ನಿಮಗೂ ಹಾಕ್ತಿದ್ರು. ಈ ಮಗೂಗೆ ಮೂಗು ಸೋರ್ತಿದೆ, ಕೆಮ್ಮಿದೆ, ದನಿ ಒಡೆದಿದೆ. ಇದು ವೈರಸ್ಸು. ಯಾವ ಸೂಜಿಗೂ ಬಗ್ಗಲ್ಲ, ತಾನೇ ಬಂತು, ತಾನೇ ಹೋಗತ್ತೆ. ಬಿಸಿ ಚಹಾ ಕುಡಿಸು, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಕ್ಕೆ ಹೇಳು. ಎದ್ದೇಳು, ಹಿಂದೆ ಜನ ಕಾಯ್ತಿದಾರೆ."

ಅವಳ ಕ್ರಮವೇ ಬೇರೆ. ಎಲ್ಲರೂ ಮೊದಲು ಬಾಯಿ ತೆರೆಸಿ ನೋಡಿದರೆ ಅವಳು ಮೊದಲು ಮಗುವನ್ನು ಮಾತಾಡಿಸುತ್ತಿದ್ದಳು. ನಿಮ್ಮ ನಾಯಿ ಹೆಸರೇನು, ಬೆಳಿಗ್ಗೆ ಏನು ತಿಂದೆ, ಹೀಗೆ. ದನಿ ಒಡೆದು ಕರಕರ ಅಂದರೆ, ನಡುವೆ ಕೆಮ್ಮಿದರೆ ಅರ್ಧ ನೆಮ್ಮದಿ. ಅವಳಿಗೆ ಭಯವಿದ್ದದ್ದು ಕೆಮ್ಮದ ಮಕ್ಕಳ ಬಗ್ಗೆ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ವಾಂತಿ, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗಡ್ಡೆ, ಗಂಟಲಿನ ಎರಡೂ ಪಕ್ಕ ಮೊಸರು ಮೆತ್ತಿದಂಥ ಬಿಳುಪು, ಮೂಗು ಮಾತ್ರ ಒಣ. ಅದು ಬ್ಯಾಕ್ಟೀರಿಯಾ. ಗಂಟಲಲ್ಲಿ ಶುರುವಾಗಿ ಕೆಲವು ವಾರ ಬಿಟ್ಟು ಮೊಣಕಾಲಿಗಿಳಿದು ಕಡೆಗೆ ಎದೆಗೇ ಕೈಹಾಕುವ ಜಾತಿ. ಅದಕ್ಕೆ ಪೆನಿಸಿಲಿನ್ ಬೇಕೇ ಬೇಕು, ಅದೂ ತಡಮಾಡದೆ. ಇದ್ದ ಸ್ವಲ್ಪ ಸೂಜಿಮದ್ದನ್ನು ಅವಳು ಅದಕ್ಕೆಂದೇ ಬೀಗ ಹಾಕಿ ಇಟ್ಟುಕೊಂಡಿದ್ದಳು, ಬೈದುಕೊಳ್ಳುವವರು ಬೈದುಕೊಳ್ಳಲಿ ಎಂದು.

ಹಿಮ ಗಟ್ಟಿಯಾಗಿ ಕೂತ ಮೇಲೆ ಒಂದು ಬೆಳಿಗ್ಗೆ ಅಸಿಲ್ ಮಗಳ ಕೈಹಿಡಿದು ಬಂದಳು. ಹೊಳೆಯಾಚೆ ಒಂಟಿಯಾಗಿ ನಿಂತ ಮನೆಯ ಸೊಸೆ ಅವಳು. ಗಂಡ ಚಳಿಗಾಲವಿಡೀ ಕುದುರೆಗಳ ಜೊತೆ ದೂರದ ಹುಲ್ಲುಗಾವಲಿನಲ್ಲಿ. ಮನೆಯಲ್ಲಿ ಅತ್ತೆ ಬುರುಲ್ ಅಪಾ. ಕನಿಶಾಯ್ ಊರಿಗೆ ಬಂದದ್ದು ಎಲೆ ಉದುರುವ ಕಾಲದಲ್ಲಿ, ಹಾಗಾಗಿ ಹೊಳೆಯಾಚೆಯವರ ಪರಿಚಯ ಅವಳಿಗೆ ಇನ್ನೂ ಆಗಿರಲಿಲ್ಲ.

"ಏನಾಯ್ತು?"

"ಇದ್ದಕ್ಕಿದ್ದಂಗೆ ಜ್ವರ ಬಂತು ಎಜೆ. ತಲೆ ಸಿಡಿಯತ್ತೆ ಅಂತಾಳೆ. ವಾಂತಿ ಮಾಡಿದ್ಲು. ಎಂಜಲು ನುಂಗಕ್ಕೂ ಆಗ್ತಿಲ್ಲ. ಕೆಮ್ಮಿಲ್ಲ, ಮೂಗೂ ಸೋರ್ತಿಲ್ಲ."

ಕನಿಶಾಯ್ ಕಿವಿ ನಿಮಿರಿತು. ಅಷ್ಟರಲ್ಲಿ ಹುಡುಗಿ ಕೆಮ್ಮಿದಳು. ಎದೆಯಿಂದ ಎದ್ದ, ಕಫ ತುಂಬಿದ ಕೆಮ್ಮು. ಮೂಗಿನಿಂದ ಇಳಿದದ್ದನ್ನು ಕೋಟಿನ ತೋಳಿಗೆ ಒರೆಸಿಕೊಂಡಳು.

"ಕೆಮ್ಮಿಲ್ಲ ಅಂದ್ಯಲ್ಲೇ?"

"ಇಲ್ಲ ಎಜೆ. ಕೆಮ್ಮಿಲ್ಲ." ಅಸಿಲ್ ಮಗಳ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಕಿಟಕಿಯಾಚೆ, ಹೊಳೆಯ ದಿಕ್ಕಿನಲ್ಲಿತ್ತು.

"ನಿನ್ನ ಹೆಸರೇನೇ ಪುಟ್ಟಿ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿಯೇ ಹೇಳಿದಳು, "ತುರ್ಸುನಾಯ್."

ಉಳಿಯಲಿ ಎಂದು ಬೇಡಿಕೊಂಡು ಇಡುವ ಹೆಸರು ಅದು. ಮಕ್ಕಳನ್ನು ಮಣ್ಣಿಗೆ ಕೊಟ್ಟ ಮನೆಗಳಲ್ಲಿ ಮುಂದೆ ಹುಟ್ಟಿದ ಕೂಸಿಗೆ ಅಂಥ ಹೆಸರು ಬೀಳುತ್ತದೆ. ಕನಿಶಾಯ್ ಹೆಚ್ಚೇನೂ ಕೇಳದೆ ಹುಡುಗಿಯ ಬಾಯಿ ತೆರೆಸಿ ದೀಪ ಹಿಡಿದಳು. ಗಂಟಲು ಕೆಂಪಾಗಿತ್ತು, ಬಿಳುಪಿನ ಸುಳಿವಿಲ್ಲ. ಕತ್ತು ನುಣುಪು. ಜ್ವರವೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ತಾಯಿ ಹೇಳಿದ ಮಾತು ಕಿವಿಯಲ್ಲಿ ಕೊರೆಯುತ್ತಿದ್ದುದರಿಂದ, ಜೋಪಾನವಾಗಿಟ್ಟಿದ್ದ ಪರೀಕ್ಷೆಯ ಪಟ್ಟಿ ಒಂದನ್ನು ತೆಗೆದು ಗಂಟಲಿಗೆ ಹತ್ತಿ ಸವರಿ ನೋಡಿದಳು. ಬ್ಯಾಕ್ಟೀರಿಯಾ ಇಲ್ಲ.

"ನೆಗಡಿ ಕಣೇ ಇದು. ಜೇನು ನೆಕ್ಕಿಸು, ಬೆಚ್ಚಗಿಡು."

ಅಸಿಲ್ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತುಬಿಟ್ಟಳು. "ಸೂಜಿ ಹಾಕಿ ಎಜೆ. ದಮ್ಮಯ್ಯ. ತುರ್ಸುನಾಯ್ ಹೆಸರಿಗೆ ಒಂದು ಸೂಜಿ ಹಾಕಿ."

ಇಂಥ ನಾಟಕಗಳನ್ನು ಕನಿಶಾಯ್ ಬೇಕಾದಷ್ಟು ನೋಡಿದ್ದಳು. ಬೈದು ಎಬ್ಬಿಸಿ ಕಳಿಸಿದಳು. ಕಳಿಸಿದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ತಾಯಿ ಹೇಳಿದ ಒಂದೊಂದು ಲಕ್ಷಣವೂ ಸರಿಯಾಗಿತ್ತು, ಎದುರಿಗಿದ್ದ ಮಗುವಿನಲ್ಲಿ ಮಾತ್ರ ಅದೊಂದೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಹೊಳೆಯಾಚೆ ಕೆಲಸವೊಂದನ್ನು ಮುಗಿಸಿ ಬರುತ್ತ ಆ ಮನೆಯ ಬೇಲಿಯ ಪಕ್ಕದಲ್ಲಿ ಹಾದಳು. ಅಂಗಳದಲ್ಲಿ ಹುಡುಗಿ ಒಬ್ಬಳೇ ನಿಂತಿದ್ದಳು. ಕೋಟಿಲ್ಲ, ತಲೆಗೆ ಬಟ್ಟೆಯಿಲ್ಲ. ಹಿಮವನ್ನು ಕೈಯಲ್ಲೆತ್ತಿ ನುಂಗುತ್ತಿದ್ದಳು. ಉರಿಯುವ ಗಂಟಲಿಗೆ ತಂಪು ಬೇಕಲ್ಲ. ಕಟ್ಟಿಹಾಕಿದ್ದ ನಾಯಿ ಬೊಗಳದೆ ಹುಡುಗಿಯನ್ನೇ ನೋಡುತ್ತ ಮುದುರಿಕೊಂಡಿತ್ತು.

"ತುರ್ಸುನಾಯ್! ಏನೇ ಇದು, ತಲೆಗಿಲೆ ಕೆಟ್ಟಿದೆಯಾ?"

ಹುಡುಗಿ ತಿರುಗಲಿಲ್ಲ. ಬೇಲಿ ದಾಟಿ ಹೋಗಿ ಭುಜ ಹಿಡಿದರೆ ಮೈ ಒಲೆಯ ಹಾಗೆ ಸುಡುತ್ತಿತ್ತು. ಕತ್ತಿಗೆ ಕೈಯಿಟ್ಟಳು. ದವಡೆಯ ಕೆಳಗೆ ಎರಡೂ ಕಡೆ ಗಡ್ಡೆ. ಮುಟ್ಟಿದ್ದೇ ತಡ ಹುಡುಗಿ ನೋವಿಗೆ ಬಾಯಿ ತೆರೆದಳು. ಬಿಸಿಲಿಗೆ ಎದುರಾಗಿ ತೆರೆದ ಆ ಬಾಯೊಳಗೆ ಎರಡೂ ಪಕ್ಕ ಬೆಳ್ಳಗೆ ಮೆತ್ತಿಕೊಂಡಿತ್ತು. ಅಂಗುಳದ ಮೇಲೆ ಕೆಂಪು ಚುಕ್ಕಿ. ಮೂಗು ಒಣಗಿತ್ತು. ಒಂದು ಸಲವೂ ಕೆಮ್ಮಲಿಲ್ಲ.

ಒಂದು ಹಗಲಿನಲ್ಲಿ ಗಂಟಲು ಕೆಡುವುದು ಉಂಟು. ಆದರೆ ನೆಗಡಿ, ಎದೆಯೊಳಗಿನ ಆ ಕೆಮ್ಮು, ಇವೆಲ್ಲ ಒಂದು ಹಗಲಿನಲ್ಲಿ ಒರೆಸಿ ಹಾಕಿದಂತೆ ಹೋಗುವುದನ್ನು ಕನಿಶಾಯ್ ಎಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಮುದುಕಿಯೊಬ್ಬಳು ಬಂದು ಹುಡುಗಿಯನ್ನು ಸರಕ್ಕನೆ ಒಳಗೆಳೆದುಕೊಂಡಳು. ಬುರುಲ್ ಅಪಾ.

"ಅಪಾ, ತಕ್ಷಣ ಇವಳನ್ನ ದವಾಖಾನೆಗೆ ಕರ್ಕೊಂಡ್ಬನ್ನಿ. ಸೂಜಿ ಹಾಕ್ತೀನಿ. ನಿನ್ನೆ ನಾನು ನೋಡಿದ್ದು ತಪ್ಪಾಯ್ತು."

"ಹಾಕ್ತೀಯಾ?" ಮುದುಕಿಯ ಮುಖ ಅರಳಿತು. "ತುರ್ಸುನಾಯ್‌ಗೆ ಹಾಕ್ತೀಯಾ ಮಗಳೇ? ನೀನು ಮುಂದೆ ಹೋಗು, ಹಿಂದೇನೇ ಕಳಿಸ್ತೀನಿ."

ಹೇಳಿದಂತೆಯೇ ಅಸಿಲ್ ಹುಡುಗಿಯನ್ನು ಕರೆತಂದಳು. ಕಣ್ಣು ಮಾತ್ರ ಕಾಣುವಂತೆ ಶಾಲು ಸುತ್ತಿದ್ದಳು. ಈಗಷ್ಟೇ ಕಣ್ಣಾರೆ ನೋಡಿದ ಗಂಟಲನ್ನು ಮತ್ತೆ ನೋಡಿ ಮಗುವನ್ನು ನೋಯಿಸುವುದು ಬೇಡವೆಂದು ಕನಿಶಾಯ್ ನೇರವಾಗಿ ಸೂಜಿ ಹಾಕಿದಳು. ಹುಡುಗಿ ಅತ್ತಳು. ಅತ್ತ ದನಿ ಒಡೆದಿತ್ತು. ಅಳುವಿನ ನಡುವೆ ಕೆಮ್ಮು ಬಂತು, ಎದೆಯಿಂದ ಎದ್ದ, ಕಫ ತುಂಬಿದ ಅದೇ ಕೆಮ್ಮು.

ಕನಿಶಾಯ್ ಶಾಲನ್ನು ಕಿತ್ತು ಬಾಯಿ ತೆರೆಸಿದಳು. ಬಿಳುಪಿಲ್ಲ. ಕತ್ತು ತಡವಿದಳು. ಗಡ್ಡೆಯಿಲ್ಲ. ಮೈ ತಣ್ಣಗಿತ್ತು. ಅಸಿಲ್ ಮಾತ್ರ ಕನಿಶಾಯ್‌ಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ಬದುಕಿಸಿದ್ರಿ ಎಜೆ," ಎಂದು ಮಗಳನ್ನು ಎಳೆದುಕೊಂಡು ಓಡಿದಳು.

ಒಲೆಗೆ ಬೆರಣಿ ಒಟ್ಟುತ್ತಿದ್ದ ಕಾಲಿಪಾ ಇದನ್ನೆಲ್ಲ ಬೆನ್ನು ತಿರುಗಿಸಿಕೊಂಡೇ ಕೇಳಿಸಿಕೊಂಡಿದ್ದಳು. ದವಾಖಾನೆಯ ಕಸ, ಬೆಂಕಿ, ಊರಿನ ಸುದ್ದಿ, ಮೂರೂ ಅವಳ ಪಾಲಿಗೆ. ಸುದ್ದಿಯನ್ನಂತೂ ಕೇಳದಿದ್ದರೂ ಕೊಡುವವಳು. ಅವತ್ತು ಕೇಳಿದರೂ ಸುಲಭಕ್ಕೆ ಬಾಯಿ ಬಿಡಲಿಲ್ಲ.

"ಕಾಲಿಪಾ, ಆ ಮನೇಲಿ ಎಷ್ಟು ಮಕ್ಕಳು?"

"ತುರ್ಸುನಾಯ್ ಅಷ್ಟೇ."

"ಅಕ್ಕ ತಂಗಿ ಯಾರೂ ಇಲ್ವಾ?"

"ತುರ್ಸುನಾಯ್ ಅಷ್ಟೇ ಅಂದ್ನಲ್ಲ ಡಾಕ್ಟ್ರೇ. ಆ ಮನೇಲಿ ಎಣಿಸ್ಬಾರ್ದು." ಕಾಲಿಪಾ ಎದ್ದು ಕೆಟ್ಟದ್ದು ಹತ್ತಿರ ಬರದಂತೆ ಸುಡುವ ಒಣ ಆರ್ಚಾ ಸೊಪ್ಪನ್ನು ಕೆಂಡಕ್ಕೆ ಹಾಕಿ, ಹೊಗೆಯನ್ನು ಬಾಗಿಲಿಗೂ ಕಿಟಕಿಗೂ ಹಿಡಿದಳು. ಆಮೇಲೆ ದನಿ ತಗ್ಗಿಸಿದಳು. "ಹಿಂದೆ ಮೂವರಿದ್ರು. ಒಬ್ಬೊಬ್ಬರಾಗಿ ಹೋದ್ರು. ಮೊದಲು ಗಂಟಲು. ಆಮೇಲೆ ಮೊಣಕಾಲು ಊದ್ಕೊಳ್ತು. ಆಮೇಲೆ ಎದೆ. ಮೂವರಿಗೂ ಹಂಗೇ. ಊರವರು ಅದಕ್ಕೇ ಬಾಯಿ ಹೊಲ್ಕೊಂಡಿದೀವಿ. ನನ್ನ ಮೊಮ್ಮಗಳು ಇಸ್ಕೂಲಲ್ಲಿ ಅವಳ ಪಕ್ಕಾನೇ ಕೂರೋದು. ತುರ್ಸುನಾಯ್ ಒಂದಿನ ಬಲಗೈಲಿ ಬರೀತಾಳಂತೆ, ಒಂದಿನ ಎಡಗೈಲಿ. ನಾನು ಒಂದೇಟು ಹಾಕಿ, ಬೇರೆಯವರ ಕೈ ನೋಡ್ಬೇಡ ಅಂದೆ."

ಗಂಟಲು, ಮೊಣಕಾಲು, ಎದೆ. ಆ ಮೂವರನ್ನು ಕೊಂದದ್ದು ಯಾವುದೆಂದು ಕನಿಶಾಯ್‌ಗೆ ಗೊತ್ತಾಗಿತ್ತು. ಅದು ಈಗ ನಾಲ್ಕನೆಯ ಮಗುವಿನ ಗಂಟಲಲ್ಲಿ ಕೂತಿದೆ, ಮದ್ದು ಬೇರೆ ಮಗುವಿನ ಮೈಗೆ ಹೋಗಿದೆ.

ಬೆಳಗಾಗುವುದನ್ನೇ ಕಾದು ಅವಳು ಮೊದಲು ಶಾಲೆಗೆ ಹೋದಳು. ಕಿಟಕಿಯಿಂದ ಇಣುಕಿದರೆ ತುರ್ಸುನಾಯ್ ಬೆಂಚಿನಲ್ಲಿ ಕೂತು ಬಲಗೈಯಲ್ಲಿ ಬರೆಯುತ್ತ ಕೆಮ್ಮುತ್ತಿದ್ದಳು. ಅಲ್ಲಿಂದ ದವಾಖಾನೆಗೆ ಬಂದು ಸೂಜಿ, ಮದ್ದು, ಮೈಗೆ ಒಗ್ಗದಿದ್ದರೆ ಬೇಕಾಗುವ ಇನ್ನೊಂದು ಮದ್ದು, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊಳೆ ದಾಟಿದಳು. ಹಿಮ ಮೊಣಕಾಲುದ್ದ ಬಿದ್ದಿತ್ತು, ದಾರಿ ಬೇಗ ಸಾಗಲಿಲ್ಲ. ಬಾಗಿಲು ತಟ್ಟಲಿಲ್ಲ. ತಟ್ಟಿದರೆ ತೆರೆಯುವುದಿಲ್ಲವೆಂದು ಗೊತ್ತಿತ್ತು. ತಳ್ಳಿಕೊಂಡೇ ಒಳಗೆ ನುಗ್ಗಿದಳು.

ಗೋಡೆಯ ಬದಿಗೆ ಪೇರಿಸಿಟ್ಟ ರಜಾಯಿಗಳ ಹಿಂದೆ ತುರ್ಸುನಾಯ್ ಮಲಗಿದ್ದಳು. ಅದೇ ಮುಖ, ಅದೇ ಜಡೆ, ಶಾಲೆಯಲ್ಲಿ ಕಂಡ ಅದೇ ಕಂದು ಅಂಗಿ. ಮುಖ ಮಾತ್ರ ಬೆಂದುಹೋಗಿತ್ತು. ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ತಲೆದೆಸೆಯಲ್ಲಿ ಅಸಿಲ್ ಕೂತಿದ್ದಳು. ಬುರುಲ್ ಅಪಾ ಚಹಾದ ಬಟ್ಟಲನ್ನು ಕೆಳಗಿಟ್ಟು ನಿಧಾನವಾಗಿ ಎದ್ದಳು. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ ಕನಿಶಾಯ್‌ಗೆ ಆ ಮುದುಕಿಯ ಶಾಂತ ಮುಖ ಕಂಡು ಇನ್ನಷ್ಟು ಹೆದರಿಕೆಯಾಯಿತು.

"ನೋಡಿದ್ಯಲ್ಲ, ಹೋಗು ಮಗಳೇ. ನಿನ್ನೇನೇ ಸೂಜಿ ಹಾಕಿದ್ದೀಯ."

"ನಾನು ಹಾಕಿದ್ದು ಇವಳಿಗಲ್ಲ ಅಪಾ!"

"ತುರ್ಸುನಾಯ್‌ಗೆ ಹಾಕಿದ್ದೀಯ. ಇವಳೂ ತುರ್ಸುನಾಯೇ. ಕಾಯಿಲೆ ಹೆಸರು ಹಿಡ್ಕೊಂಡು ಮನೆ ಹುಡುಕ್ಕೊಂಡು ಬರತ್ತೆ. ಔಷಧಿ ಯಾಕೆ ಹೆಸರು ಹಿಡ್ಕೊಂಡು ಬರಲ್ಲ? ಹೇಳು ನೋಡಣ."

"ಔಷಧಿಗೆ ಹೆಸರು ಗೊತ್ತಾಗಲ್ಲ. ಚುಚ್ಚಿದ ಮೈ ಒಂದೇ ಅದಕ್ಕೆ ಗೊತ್ತು. ಅಯ್ಯೋ, ನಿಮಗೆ ಹೆಂಗೆ ಹೇಳ್ಲಿ?"

ಬುರುಲ್ ಅಪಾ ಸೊಸೆಯ ಕಡೆಗೊಮ್ಮೆ, ಬಾಗಿಲಿನ ಕಡೆಗೊಮ್ಮೆ ನೋಡಿದಳು. "ನೀನು ಓದಿದೋಳು. ನಾನು ಕೇಳಿದೋಳು. ಮೂರು ಸಲ ಅದು ಈ ಅಂಗಳಕ್ಕೆ ಬಂದು ಕರೆಯೋದನ್ನ ಈ ಕಿವೀಲಿ ಕೇಳಿದೀನಿ. ಗುರುತಿರೋರ ದನೀಲೇ ಕರೆಯತ್ತೆ. ಒಂದ್ಸಲ ಸತ್ತೋಗಿದ್ದ ನನ್ನ ಗಂಡನ ದನಿ. ಇನ್ನೊಂದ್ಸಲ ನನ್ನ ಮಗನ ದನಿ, ಮಗ ನೋಡಿದ್ರೆ ಹುಲ್ಲುಗಾವಲಲ್ಲಿದ್ದ. ಮೂವರೂ ಓಗೊಟ್ರು. ಮಕ್ಕಳಲ್ವಾ? ಮನೆಯೋರು ಕರೆದಂಗಾದ್ರೆ ಓ ಅನ್ನದೆ ಇರ್ತಾವಾ?"

ಅಸಿಲ್ ಸೆರಗಿನಂತೆ ಇಳಿಬಿದ್ದಿದ್ದ ಶಾಲನ್ನು ಬಾಯಿಗೆ ತುರುಕಿಕೊಂಡಳು.

"ಇವೆರಡೂ ಒಟ್ಟಿಗೆ ಹುಟ್ಟಿದ್ವು. ಇಬ್ಬರಿಗೂ ಒಂದೇ ಹೆಸರಿಟ್ಟೆ. ಒಬ್ಬಳು ಹೊರಗಿದ್ರೆ ಒಬ್ಬಳು ಒಳಗೆ. ಯಾರು ಯಾರು ಅಂತ ಅವರಮ್ಮನಿಗೂ ನಾನು ಹೇಳಕ್ಕೆ ಬಿಡಲಿಲ್ಲ. ಅದು ಬಾಗಿಲ ತನಕ ಬರತ್ತೆ, ತುರ್ಸುನಾಯ್ ಅನ್ನತ್ತೆ, ಯಾರನ್ನ ಕರೀಬೇಕು ಅಂತ ಅದಕ್ಕೇ ತಿಳಿಯದೆ ವಾಪಸ್ ಹೋಗತ್ತೆ. ಇಷ್ಟು ವರ್ಷ ಹಿಂಗೇ ಕಾಪಾಡಿದೀನಿ. ಈಗ ನೀನು ಬಂದು ಇವಳು ಬೇರೆ, ಅವಳು ಬೇರೆ ಅಂತ ಬೊಟ್ಟು ಮಾಡಿ ತೋರಿಸ್ಬೇಡ. ಅದು ಕೇಳಿಸ್ಕೊಳ್ಳತ್ತೆ."

"ಬೇರೆ ಮಾಡದೆ ನಾನು ಮದ್ದು ಹಾಕೋದು ಹೆಂಗೆ? ನನ್ನ ಕೆಲಸಾನೇ ಬೇರೆ ಬೇರೆ ಮಾಡೋದು ಅಪಾ. ಕೆಮ್ಮೋ ಹುಡುಗಿ ತಾನಾಗೇ ಹುಷಾರಾಗ್ತಾಳೆ. ಈ ಹುಡುಗಿ ಆಗಲ್ಲ. ನಿಮ್ಮ ಮೂವರು ಹೋಗಿದ್ದು ಇದೇ ಗಂಟಲಿಂದ. ಇನ್ನೊಂದು ವಾರ ಬಿಟ್ರೆ ಇವಳ ಎದೆನೂ ಹೋಗತ್ತೆ."

ಮುದುಕಿ ಅಡ್ಡ ಬರಲೂ ಇಲ್ಲ, ಸರಿಯಲೂ ಇಲ್ಲ. ಕನಿಶಾಯ್ ಅವಳನ್ನು ಬಳಸಿಕೊಂಡು ಹೋಗಿ ಹುಡುಗಿಯ ಪಕ್ಕ ಕೂತಳು.

"ತುರ್ಸುನಾಯ್, ಈ ಕಡೆ ತಿರುಗು ಬಂಗಾರ."

ಹುಡುಗಿ ತಿರುಗಲಿಲ್ಲ. ಮೈ ಗಂಟು ಮಾಡಿಕೊಂಡು ರಜಾಯಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಆ ಹೆಸರಿಗೆ ಮನೆಯೊಳಗೆ ಓಗೊಡಬಾರದೆಂದು ಅವಳಿಗೆ ನಡೆಯಲು ಬರುವ ಮೊದಲೇ ಕಲಿಸಿದ್ದರು. ಕೈ ಮುಟ್ಟಿದರೆ ಒದೆಯುತ್ತಿದ್ದಳು, ಕಚ್ಚಲು ಬರುತ್ತಿದ್ದಳು, ಅಷ್ಟೆಲ್ಲ ಮಾಡಿದರೂ ಬಾಯಿಂದ ಒಂದು ಸದ್ದಿಲ್ಲ. ಹಾಗೆ ಒದ್ದಾಡುವ ಮಗುವಿಗೆ ಸೂಜಿ ಚುಚ್ಚಿದರೆ ಒಳಗೇ ಮುರಿದೀತು. ಕನಿಶಾಯ್‌ಗೆ ಅಳು ಬಂತು. ಮದ್ದು ಕೈಯಲ್ಲಿದೆ, ಮಗು ಮೊಳದಳತೆಯಲ್ಲಿದೆ, ನಡುವೆ ಒಂದು ಹೆಸರು ಗೋಡೆಯಾಗಿ ನಿಂತಿದೆ.

ಆಗ ಅಸಿಲ್ ಬಾಯಿಂದ ಶಾಲು ತೆಗೆದಳು. ಮಗಳ ಕಿವಿಯ ಹತ್ತಿರ ಬಗ್ಗಿದಳು.

"ಬೆರ್ಮೆತ್."

ಹುಡುಗಿಯ ಕೈ ಸಡಿಲಾಯಿತು. ಕಣ್ಣು ತೆರೆದು ತಾಯಿಯನ್ನು ನೋಡಿದಳು.

"ಬೆರ್ಮೆತ್, ನನ್ನ ಮುತ್ತೇ, ಸ್ವಲ್ಪ ಹೊತ್ತು ಮಿಸುಕಾಡ್ಬೇಡಮ್ಮ."

"ಏನಂದೆ?" ಬುರುಲ್ ಅಪಾ ಗೋಡೆಗೆ ಕೈಯೂರಿದಳು. "ಏನಂದೆ ನೀನು?"

"ಹುಟ್ಟಿದ ದಿನಾನೇ ಇಟ್ಟಿದ್ದೆ ಅಪಾ." ಅಸಿಲ್‌ಗೆ ಅತ್ತೆಯ ಎದುರು ದನಿಯೆತ್ತಿ ಅಭ್ಯಾಸವಿರಲಿಲ್ಲ, ಆದರೂ ಎತ್ತಿದಳು. "ಇವಳು ನಿದ್ದೆ ಹೋದಾಗ ಕಿವೀಲಿ ಹೇಳ್ತಿದ್ದೆ. ಇಬ್ಬರನ್ನ ಹೆತ್ತಿದೀನಿ. ಒಬ್ಬಳನ್ನ ಹೆತ್ತಂಗೆ ಬದುಕಕ್ಕೆ ನನ್ನಿಂದ ಆಗ್ಲಿಲ್ಲ. ಹೊಡೀರಿ ಬೇಕಾದ್ರೆ."

ಮುದುಕಿ ಹೊಡೆಯಲಿಲ್ಲ. ಬೆರ್ಮೆತ್ ತಾನಾಗಿ ಬಾಯಿ ತೆರೆದು ತೋರಿಸಿದಳು, ತಾನಾಗಿ ಮಗ್ಗುಲಾದಳು. ಕನಿಶಾಯ್ ಕೈಯ ಸೂಜಿ ಸರಿಯಾದ ಜಾಗಕ್ಕೆ ಹೋಯಿತು. "ಇದು ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ," ಎಂದು ಅವಳ ಬಾಯಿ ತಾನೇ ಗೊಣಗಿತು. ಅವಳ ಅಜ್ಜಿ ಮಕ್ಕಳ ಹೊಟ್ಟೆ ನೀವುವಾಗ, ಮಕ್ಕಳನ್ನು ಕಾಯುವ ಆ ದೇವತೆಯ ಹೆಸರು ಹಿಡಿದು ಹಾಗೆನ್ನುತ್ತಿದ್ದಳು. ದವಾಖಾನೆಯ ಮೇಜಿನ ಹಿಂದೆ ಕೂತು ಅವಳು ಒಂದು ದಿನವೂ ಹಾಗೆ ಅಂದವಳಲ್ಲ.

ಮದ್ದು ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಕಾಯುತ್ತ ಕೂತರು. ಚಳಿಗಾಲದಲ್ಲಿ ಆ ಕಣಿವೆಗೆ ಸಂಜೆ ಬೇಗ. ಸೂರ್ಯ ಗುಡ್ಡದ ಹಿಂದೆ ಸರಿದು ನೆರಳು ಅಂಗಳಕ್ಕೆ ಇಳಿಯಿತು. ನಾಯಿ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು.

"ಬೆರ್ಮೆತ್."

ಕರೆ ಬಂದದ್ದು ಹೊರಗಿನಿಂದ. ಅಸಿಲ್‌ಳ ದನಿ. ನನ್ನ ಮುತ್ತೇ ಎಂದಾಗ ಇದ್ದ ಅದೇ ಅಕ್ಕರೆ, ಅದೇ ನಡುಕ. ಅಸಿಲ್ ಕನಿಶಾಯ್‌ಳ ಎದುರಿಗೇ ಕೂತಿದ್ದಳು. ಅವಳ ತುಟಿ ಮುಚ್ಚಿತ್ತು.

ಬೆರ್ಮೆತ್ ಅರ್ಧ ನಿದ್ದೆಯಲ್ಲಿದ್ದಳು. ತಾಯಿ ಕರೆದಳೆಂದುಕೊಂಡು ಬಾಯಿ ತೆರೆದಳು. ಕನಿಶಾಯ್ ತಾನೇನು ಮಾಡುತ್ತಿದ್ದೇನೆಂದು ಯೋಚಿಸದೆ ಮಗುವಿನ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟಳು.

"ಬೆರ್ಮೆತ್, ಬಾರೇ."

ದನಿ ಹತ್ತಿರವಾಗಿತ್ತು, ಬಾಗಿಲ ಹಲಗೆಯ ಆಚೆಗೇ. ಕನಿಶಾಯ್‌ಳ ಅಂಗೈಯ ಕೆಳಗೆ ಹುಡುಗಿಯ ಬಾಯಿ ಮಿಸುಕುತ್ತಿತ್ತು, ಓ ಅನ್ನಲು. ಅಸಿಲ್ ಮಗಳ ಮೇಲೆ ಬಿದ್ದು ಕಿವಿಗಳನ್ನು ಮುಚ್ಚಿದಳು.

"ಓ," ಎಂದಳು ಬುರುಲ್ ಅಪಾ.

ದೊಡ್ಡ ದನಿಯಲ್ಲಿ, ಆಟದ ನಡುವೆ ಕರೆದರೆ ಮಕ್ಕಳು ರಾಗ ಎಳೆಯುತ್ತಾರಲ್ಲ, ಹಾಗೆ ಅಂದಳು. "ಓ! ನಾನೇ ಬೆರ್ಮೆತ್. ಬಂದೆ." ತಲೆಯ ಬಿಳಿ ಬಟ್ಟೆಯನ್ನು ಸರಿಮಾಡಿಕೊಂಡು, ಬಾಗಿಲು ತೆರೆದು, ಹಿಂದೆ ನೋಡದೆ ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಕನಿಶಾಯ್ ಏಳಹೋದಾಗ ಅಸಿಲ್ ಅವಳ ಮಣಿಕಟ್ಟು ಹಿಡಿದು ಎಳೆದು ಕೂರಿಸಿದಳು. ಹೊರಗೆ ಹಿಮದ ಮೇಲೆ ಹೆಜ್ಜೆಯ ಸದ್ದು ಹೊಳೆಯ ಕಡೆಗೆ ಹೋಯಿತು, ನಿಂತಿತು. ಮತ್ತೆ ಏನೂ ಕೇಳಿಸಲಿಲ್ಲ.

ಮುದುಕಿ ಸತ್ತಳೆಂದೇ ಕನಿಶಾಯ್ ನಂಬಿದ್ದಳು. ಆದರೆ ಶಾಲೆ ಬಿಟ್ಟು ಇನ್ನೊಬ್ಬ ಹುಡುಗಿ ಕೆಮ್ಮುತ್ತ ಬಂದಾಗ ಅವಳ ಕೈಹಿಡಿದುಕೊಂಡು ಬುರುಲ್ ಅಪಾ ಕೂಡ ಒಳಗೆ ಬಂದಳು. ಮೈಯಲ್ಲಿ ಗಾಯವಿಲ್ಲ, ನಡಿಗೆಯಲ್ಲಿ ತೊಡಕಿಲ್ಲ. ಒಲೆಯ ಮುಂದೆ ಕೂತು ಚಹಾ ಕೊಡೆಂದು ಸೊಸೆಗೆ ಹೇಳಲು ಬಾಯಿ ತೆರೆದಳು. ತುಟಿ ಆಡಿತು, ಸ್ವರ ಬರಲಿಲ್ಲ. ಕನಿಶಾಯ್ ದೀಪ ಹಿಡಿದು ನೋಡಿದಳು. ಕೆಂಪಿಲ್ಲ, ಬಿಳುಪಿಲ್ಲ, ಬಾವಿಲ್ಲ, ಜ್ವರವಿಲ್ಲ. ಕೆಮ್ಮು ನೋಡೋಣ ಅಪಾ ಎಂದರೆ ಮುದುಕಿ ಕೆಮ್ಮಿದಳು, ಎದೆ ಅಲುಗಿತು, ಆ ಕೆಮ್ಮಿಗೂ ಸದ್ದಿರಲಿಲ್ಲ. ವೈರಸ್ಸಲ್ಲ, ಬ್ಯಾಕ್ಟೀರಿಯಾ ಅಲ್ಲ, ಅವಳು ಕಲಿತದ್ದು ಯಾವುದೂ ಅಲ್ಲ. ಅಷ್ಟು ಚೊಕ್ಕಟವಾದ ಗಂಟಲನ್ನು ಅವಳು ಆ ಚಳಿಗಾಲದಲ್ಲಿ ಬೇರೆಲ್ಲೂ ನೋಡಿರಲಿಲ್ಲ.

ಹಿಮ ಕರಗಿ ದಾರಿ ತೆರೆದ ಮೇಲೆ ಕನಿಶಾಯ್ ಬೆರ್ಮೆತ್‌ಳ ಎದೆ ಕೇಳಲು ಮತ್ತೆ ಹೊಳೆಯಾಚೆ ಹೋದಳು. ಎದೆ ಬಡಿತ ಸ್ವಚ್ಛವಾಗಿತ್ತು, ಮೊಣಕಾಲು ನೆಟ್ಟಗಿದ್ದವು. ಪಟ್ಟಣದ ಡಾಕ್ಟರೂ ಅದನ್ನೇ ಹೇಳಿದ್ದರು. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ, ಒಬ್ಬಳು ಬಲಗೈಯಲ್ಲಿ, ಒಬ್ಬಳು ಎಡಗೈಯಲ್ಲಿ ಬರೆಯುತ್ತಾರೆ. ಊರಿನವರು ಇಬ್ಬರನ್ನೂ ಹುಟ್ಟಿದಾಗಿನಿಂದ ಕಂಡವರಂತೆ ಮಾತಾಡಿಸುತ್ತಾರೆ. ಕಾಲಿಪಾ ಅಂತೂ ತನಗೆ ಮೊದಲಿನಿಂದಲೇ ಬೆರ್ಮೆತ್ ಮೇಲೆ ಒಂದು ಕೈ ಹೆಚ್ಚು ಪ್ರೀತಿ ಎಂದು ಹೇಳಿಕೊಂಡು ತಿರುಗುತ್ತಾಳೆ.

ಒಳಗೆ ಬುರುಲ್ ಅಪಾ ಹಿಟ್ಟು ಕಲಸುತ್ತಿದ್ದವಳು ಒಂದು ಸಲ ಚಪ್ಪಾಳೆ ತಟ್ಟಿದಳು. ತುರ್ಸುನಾಯ್ ಓಡಿಹೋದಳು.

"ಒಂದು ತಟ್ಟಿದ್ರೆ ಅವಳು, ಎರಡು ತಟ್ಟಿದ್ರೆ ನಾನು," ಎಂದಳು ಬೆರ್ಮೆತ್, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಅಪಾಗೆ ಈಗ ದನಿ ಇಲ್ವಲ್ಲ."

"ಅಪಾ ಸ್ಲೇಟಲ್ಲಿ ಬರೆದು ತೋರಿಸ್ಬಹುದಲ್ವಾ? ಚಪ್ಪಾಳೇನೇ ಯಾಕೆ?" ಎಂದು ಕೇಳಿದಳು ಕನಿಶಾಯ್.

"ಅಮ್ಮ ಹೇಳಿದಾಳೆ. ಅಪಾ ದನೀಲಿ ಯಾರಾದ್ರೂ ಕರೆದ್ರೆ ಅದು ಅಪಾ ಅಲ್ಲ. ಓ ಅನ್ಬಾರ್ದು. ಚಪ್ಪಾಳೆ ಕೇಳಿದ್ರೆ ಮಾತ್ರ ಹೋಗ್ಬೇಕು."

"ಯಾರಾದ್ರೂ ಕರೀತಾರಾ?"

"ದಿನಾ," ಎಂದಳು ಹುಡುಗಿ.

ಗುಡ್ಡದ ನೆರಳು ಅಂಗಳಕ್ಕೆ ಬರುವ ಹೊತ್ತಾಗಿತ್ತು. ಬೆರ್ಮೆತ್ ಜಗಲಿಯ ಮೇಲೆ ಕೂತು ಮೂಳೆಯ ಕವಡೆಗಳನ್ನು ಸಾಲಾಗಿ ಜೋಡಿಸತೊಡಗಿದಳು. ಹೊಳೆಯ ಕಡೆಯಿಂದ ಬುರುಲ್ ಅಪಾಳ ದನಿ ಕೇಳಿಸಿತು, "ಬೆರ್ಮೆತ್, ನನ್ನ ಕಂದಾ, ಬಾರೇ, ಬೋರ್ಸೋಕ್ ಕರಿದಿದೀನಿ." ಎಷ್ಟು ಪ್ರೀತಿಯಿತ್ತೆಂದರೆ ಕನಿಶಾಯ್‌ಳ ಕಾಲೇ ಆ ಕಡೆಗೊಂದು ಹೆಜ್ಜೆ ಇಟ್ಟಿತು. ಹುಡುಗಿ ತಲೆಯೆತ್ತಲಿಲ್ಲ. ಕವಡೆಯೊಂದನ್ನು ಸರಿಸಿ ಇನ್ನೊಂದರ ಪಕ್ಕ ಇಟ್ಟಳು. ಒಳಗಿನಿಂದ ಎರಡು ಸಲ ಚಪ್ಪಾಳೆ ಕೇಳಿಸಿತು, ಹಿಟ್ಟು ಮೆತ್ತಿದ ಕೈಗಳ ಮಂದ ಸದ್ದು. ಬೆರ್ಮೆತ್ ಆಟ ಬಿಟ್ಟು ಎದ್ದು, "ಬಂದೆ ಅಪಾ!" ಎಂದು ಕೂಗುತ್ತ ಮನೆಯೊಳಗೆ ಓಡಿದಳು.